ಭಯದ ಹಣೆಪಟ್ಟಿಗಳು: ಎಚ್. ಪಿ. ಲವ್‌ಕ್ರಾಫ್ಟ್‌ನ ಬದುಕು ಮತ್ತು ಬರಹ

ಸಾಹಿತ್ಯ ಪ್ರಕಾರಗಳಿಗೆ ಹೆಸರುಗಳು ಸಾಮಾನ್ಯವಾಗಿ ಮೂರು ಕಡೆಗಳಿಂದ ಬರುತ್ತವೆ. ಕೆಲವನ್ನು ಬರೆಯುವವರೇ ಇಟ್ಟುಕೊಳ್ಳುತ್ತಾರೆ; ಕೆಲವನ್ನು ಮಾರುಕಟ್ಟೆ ಅಂಟಿಸುತ್ತದೆ; ಇನ್ನು ಕೆಲವನ್ನು ಲೇಖಕ ತೀರಿಹೋದ ಮೇಲೆ ಅವನ ಅಭಿಮಾನಿಗಳೂ ವಿಮರ್ಶಕರೂ ಕೊಡುತ್ತಾರೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಅಗ್ಗದ ಪತ್ರಿಕೆಗಳಲ್ಲಿ ಬೆಳೆದ ಭಯಾನಕ ಕಥಾಸಾಹಿತ್ಯದಲ್ಲಿ ಈ ಮೂರು ಬಗೆಯ ಹೆಸರುಗಳೂ ಒಬ್ಬನೇ ಬರಹಗಾರನ ಮೇಲೆ ಬಂದು ಕೂತವು. ಅವನೇ ಹೊವಾರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್. ಮಾರುಕಟ್ಟೆ ಕೊಟ್ಟ ಹೆಸರು ಅವನಿಗೆ ಬದುಕಿದ್ದಾಗ ಸರಿಯಾಗಿ ಅನ್ನ ಕೊಡಲಿಲ್ಲ. ಸತ್ತ ಮೇಲೆ ದೊರೆತ ಹೆಸರು ಅವನಿಗೆ ಕೀರ್ತಿ ತಂದಿತಾದರೂ ಅವನು ಹೇಳಹೊರಟಿದ್ದನ್ನು ಬಹುಕಾಲ ಮರೆಮಾಡಿತು.

ಲವ್‌ಕ್ರಾಫ್ಟ್ ಹುಟ್ಟಿದ್ದು 1890ರ ಆಗಸ್ಟ್ 20ರಂದು, ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ. ತಂದೆ ವಿನ್‌ಫೀಲ್ಡ್ ಊರೂರು ಸುತ್ತುವ ಮಾರಾಟ ಪ್ರತಿನಿಧಿ. ಮಗನಿಗೆ ಮೂರು ವರ್ಷ ತುಂಬುವ ಮೊದಲೇ ಅವನ ಬುದ್ಧಿ ಭ್ರಮಿಸಿ, ಪ್ರಾವಿಡೆನ್ಸ್‌ನ ಬಟ್ಲರ್ ಆಸ್ಪತ್ರೆಗೆ ಸೇರಿಸಬೇಕಾಯಿತು; 1898ರಲ್ಲಿ ಅವನು ಅಲ್ಲಿಯೇ ತೀರಿಕೊಂಡ. ಹುಡುಗ ಬೆಳೆದದ್ದು ತಾಯಿ, ಚಿಕ್ಕಮ್ಮ ದೊಡ್ಡಮ್ಮಂದಿರು ಮತ್ತು ತಾಯಿಯ ತಂದೆ ವಿಪಲ್ ಫಿಲಿಪ್ಸ್ ಇವರ ಆಸರೆಯಲ್ಲಿ. ಈ ಅಜ್ಜನ ಮನೆಯಲ್ಲಿ ದೊಡ್ಡ ಪುಸ್ತಕ ಸಂಗ್ರಹವಿತ್ತು. ಅಲ್ಲಿ ಅರೇಬಿಯನ್ ನೈಟ್ಸ್, ಗ್ರೀಕ್ ಪುರಾಣ, ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕಾವ್ಯ ಅವನಿಗೆ ಪರಿಚಿತವಾದವು. ಹಳೆಯ ಕೋಟೆ, ಕತ್ತಲ ನೆಲಮಾಳಿಗೆ, ಶಾಪಗ್ರಸ್ತ ಮನೆತನಗಳ ಗಾಥಿಕ್ ಮಾದರಿಯ ಕಥೆಗಳನ್ನು ಅಜ್ಜ ಬಾಯಲ್ಲಿಯೇ ಕಟ್ಟಿ ಹೇಳುತ್ತಿದ್ದ. ಎಡ್ಗರ್ ಆಲನ್ ಪೋನ ಕಥೆಗಳನ್ನು ಬಾಲಕ ಎಳೆಯ ವಯಸ್ಸಿನಲ್ಲೇ ಓದಿದ. ಅದರ ಜೊತೆಗೇ ರಸಾಯನಶಾಸ್ತ್ರ ಮತ್ತು ಖಗೋಳಶಾಸ್ತ್ರದ ಹುಚ್ಚೂ ಹತ್ತಿತು. ಹದಿಹರೆಯದಲ್ಲೇ ಸ್ಥಳೀಯ ಪತ್ರಿಕೆಗಳಿಗೆ ಆಕಾಶವೀಕ್ಷಣೆಯ ಅಂಕಣ ಬರೆದ. ನೆಲಮಾಳಿಗೆಯ ಕತ್ತಲು ಮತ್ತು ದೂರದರ್ಶಕದಾಚೆಯ ಕತ್ತಲು, ಎರಡೂ ಬಾಲ್ಯದಲ್ಲೇ ಅವನೊಳಗೆ ಸೇರಿದವು.

1904ರಲ್ಲಿ ಅಜ್ಜ ತೀರಿಕೊಂಡಾಗ ಮನೆತನದ ಹಣವೂ ಕರಗಿತು. ಇಡಾಹೋ ರಾಜ್ಯದ ನೀರಾವರಿ ಉದ್ಯಮವೊಂದರಲ್ಲಿ ಅವನು ತೊಡಗಿಸಿದ್ದ ಬಂಡವಾಳ ಅಣೆಕಟ್ಟಿನ ಹಾನಿಯೊಂದಿಗೆ ಕೈಬಿಟ್ಟಿತ್ತು. ತಾಯಿ ಮಗ ಹುಟ್ಟಿದ ಮನೆಯನ್ನು ತೊರೆದು ಚಿಕ್ಕ ಬಾಡಿಗೆ ಮನೆಗೆ ಬಂದರು. 1908ರಲ್ಲಿ ನರದೌರ್ಬಲ್ಯದಿಂದ ಕುಸಿದ ಲವ್‌ಕ್ರಾಫ್ಟ್ ಪ್ರೌಢಶಾಲೆಯನ್ನು ಪೂರೈಸದೆ ಬಿಟ್ಟ; ವಿಶ್ವವಿದ್ಯಾನಿಲಯದ ಆಸೆ ಅಲ್ಲಿಗೆ ಮುಗಿಯಿತು. ಮುಂದಿನ ಐದಾರು ವರ್ಷ ಅವನು ಬಹುಮಟ್ಟಿಗೆ ಮನೆಯೊಳಗೇ ಉಳಿದ. ಆ ಏಕಾಂತದಿಂದ ಅವನನ್ನು ಹೊರಕ್ಕೆ ತಂದದ್ದು ಒಂದು ಜಗಳ. 'ಆರ್ಗಸಿ' ಪತ್ರಿಕೆಯಲ್ಲಿ ಬರುತ್ತಿದ್ದ ಸಪ್ಪೆ ಪ್ರೇಮಕಥೆಗಳನ್ನು ಖಂಡಿಸಿ 1913ರಲ್ಲಿ ಅವನು ಪತ್ರ ಬರೆದ. ಓದುಗರ ಪುಟದಲ್ಲಿ ಪರ ವಿರೋಧಗಳ ದೊಡ್ಡ ವಾಗ್ವಾದವೇ ನಡೆಯಿತು. ಅದನ್ನು ಗಮನಿಸಿದ ಹವ್ಯಾಸಿ ಪತ್ರಕರ್ತರ ಸಂಘವೊಂದು 1914ರಲ್ಲಿ ಅವನನ್ನು ಸದಸ್ಯನಾಗಲು ಕರೆಯಿತು. ಸದಸ್ಯರು ಸ್ವಂತ ಖರ್ಚಿನಲ್ಲಿ ಕಿರುಪತ್ರಿಕೆ ಅಚ್ಚುಹಾಕಿ ಪರಸ್ಪರ ಹಂಚಿಕೊಳ್ಳುವ ಆ ಬಳಗದಲ್ಲಿಯೇ ಅವನ ಗದ್ಯ ಹದಗೊಂಡಿತು.

'ಆರ್ಗಸಿ'ಯಂಥ ಪತ್ರಿಕೆಗಳಿಗೆ ಪಲ್ಪ್ ಎಂಬ ಹೆಸರು ಬಂದದ್ದು ಕಾಗದದಿಂದ. ಮರದ ತಿರುಳಿನಿಂದ ಮಾಡಿದ, ಬೇಗ ಹಳದಿಗಟ್ಟುವ ಒರಟು ಕಾಗದದ ಮೇಲೆ ಅವು ಅಚ್ಚಾಗುತ್ತಿದ್ದವು. ಫ್ರಾಂಕ್ ಮನ್ಸಿ 1896ರಲ್ಲಿ 'ಆರ್ಗಸಿ'ಯನ್ನು ಪೂರ್ತಿಯಾಗಿ ಕಥೆಗಳಿಗೇ ಮೀಸಲಾದ ಅಗ್ಗದ ಪತ್ರಿಕೆಯಾಗಿ ಮಾರ್ಪಡಿಸಿದಂದಿನಿಂದ ಈ ಉದ್ಯಮ ಬೆಳೆಯಿತು. ಲೇಖಕರಿಗೆ ಪದದ ಲೆಕ್ಕದಲ್ಲಿ ಹಣ. ಒಂದು ಪದಕ್ಕೆ ಅರ್ಧ ಸೆಂಟ್, ಒಂದು ಸೆಂಟ್, ಅದೃಷ್ಟವಿದ್ದರೆ ಇನ್ನಷ್ಟು. ಪತ್ರಿಕೆಗಳು ಹೆಚ್ಚಿದಂತೆ ಪತ್ತೇದಾರಿ, ಕೌಬಾಯ್, ಪ್ರೇಮ, ಸಮುದ್ರಯಾನ ಎಂದು ಒಂದೊಂದೂ ಒಂದೊಂದು ವಿಷಯವನ್ನು ಹಿಡಿದುಕೊಂಡವು. ಅಂಗಡಿಯ ಮುಂದೆ ನೇತುಹಾಕಿದ ಪತ್ರಿಕೆಯ ಮುಖಪುಟ ನೋಡಿದೊಡನೆ ಒಳಗೇನಿದೆಯೆಂದು ಗಿರಾಕಿಗೆ ತಿಳಿಯಬೇಕಿತ್ತು. ಸಾಹಿತ್ಯ ಪ್ರಕಾರಗಳ ಹಣೆಪಟ್ಟಿ ಇಲ್ಲಿ ಮೊದಲು ವ್ಯಾಪಾರದ ಅಗತ್ಯವಾಗಿತ್ತು.

1923ರ ಮಾರ್ಚ್ ತಿಂಗಳಲ್ಲಿ ಜೆ. ಸಿ. ಹೆನೆಬರ್ಗರ್ 'ವಿಯರ್ಡ್ ಟೇಲ್ಸ್' ಪತ್ರಿಕೆಯನ್ನು ಆರಂಭಿಸಿದಾಗ ಭಯದ ಕಥೆಗಳಿಗೂ ತಮ್ಮದೇ ಅಂಗಡಿ ದೊರೆಯಿತು. ವಿಯರ್ಡ್ ಎಂಬ ಇಂಗ್ಲಿಷ್ ಪದಕ್ಕೆ ಹಿಂದೆ ವಿಧಿ ಎಂಬ ಅರ್ಥವಿತ್ತು. ಆ ಹೊತ್ತಿಗೆ ಅದು ವಿಲಕ್ಷಣ, ಅಲೌಕಿಕ ಎಂಬ ಅರ್ಥಗಳನ್ನು ಪಡೆದಿತ್ತು. ದೆವ್ವದ ಕಥೆ, ರಕ್ತಪಿಶಾಚಿಯ ಕಥೆ, ಹುಚ್ಚು ವಿಜ್ಞಾನಿಯ ಕಥೆ, ಅನ್ಯಗ್ರಹದ ಕಥೆ, ಮಾಟಗಾರನ ಕಥೆ, ಎಲ್ಲವನ್ನೂ ಆ ಒಂದು ಪದ ಒಳಗೊಂಡಿತು. ಲವ್‌ಕ್ರಾಫ್ಟ್ ಐದು ಕಥೆಗಳನ್ನು ಒಟ್ಟಿಗೆ ಕಳಿಸಿದ. ಸಾಲುಗಳ ನಡುವೆ ಜಾಗ ಬಿಟ್ಟು ಮತ್ತೆ ಟೈಪ್ ಮಾಡಿ ಕಳಿಸಬೇಕೆಂದು ಸಂಪಾದಕ ಎಡ್ವಿನ್ ಬೇರ್ಡ್ ಉತ್ತರಿಸಿದ. ಟೈಪ್ ಮಾಡುವುದೆಂದರೆ ಜೀವ ಹೋದಂತಾಗುತ್ತಿದ್ದ ಲವ್‌ಕ್ರಾಫ್ಟ್ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ. 'ಡೇಗನ್' 1923ರ ಅಕ್ಟೋಬರ್ ಸಂಚಿಕೆಯಲ್ಲಿ ಪ್ರಕಟವಾಯಿತು. 1924ರ ಮಾರ್ಚ್ ಸಂಚಿಕೆಯಲ್ಲಿ ಬಂದ 'ದ ರ‍್ಯಾಟ್ಸ್ ಇನ್ ದ ವಾಲ್ಸ್' ಅಜ್ಜ ಹೇಳುತ್ತಿದ್ದ ಕಥೆಗಳ ನೇರ ವಾರಸುದಾರ: ಪಾಳುಬಿದ್ದ ಮನೆ, ಪೂರ್ವಜರ ಪಾಪ, ನೆಲದಡಿಯ ಗುಹೆ. ಆದರೆ ಗುಹೆ ಇಳಿದಷ್ಟೂ ಕಾಲ ಹಿಂದಕ್ಕೆ ಸರಿಯುತ್ತ, ಒಂದು ಮನೆತನದ ಪಾಪ ಮನುಷ್ಯಕುಲದ ಆದಿಮ ಗುಣವಾಗಿ ತೆರೆದುಕೊಳ್ಳುವ ರೀತಿ ಗಾಥಿಕ್ ಸಂಪ್ರದಾಯವನ್ನು ಮೀರಿತ್ತು.

1924ರ ಮಾರ್ಚ್ 3ರಂದು ಲವ್‌ಕ್ರಾಫ್ಟ್ ನ್ಯೂಯಾರ್ಕ್‌ನಲ್ಲಿ ಸೋನಿಯಾ ಗ್ರೀನ್ ಎಂಬವಳನ್ನು ಮದುವೆಯಾದ. ಅವಳು ಉಕ್ರೇನ್‌ನಲ್ಲಿ ಹುಟ್ಟಿದ ಯಹೂದಿ ಮಹಿಳೆ, ಟೋಪಿಗಳ ವ್ಯಾಪಾರದಲ್ಲಿ ಪಳಗಿದವಳು, ವಯಸ್ಸಿನಲ್ಲಿ ಅವನಿಗಿಂತ ಏಳು ವರ್ಷ ಹಿರಿಯಳು. ಮದುವೆಗೆ ಹೊರಟ ದಿನವೇ ಜಾದೂಗಾರ ಹ್ಯಾರಿ ಹೌಡಿನಿಯ ಹೆಸರಿನಲ್ಲಿ ಬರೆದುಕೊಟ್ಟ ಕಥೆಯ ಹಸ್ತಪ್ರತಿ ಪ್ರಾವಿಡೆನ್ಸ್ ರೈಲು ನಿಲ್ದಾಣದಲ್ಲಿ ಕಳೆದುಹೋಯಿತು. ಹೊಸ ದಂಪತಿಗಳು ವಿಹಾರಕ್ಕೆ ಹೋದಲ್ಲಿ ಕುಳಿತು ಅದನ್ನು ಮತ್ತೆ ಟೈಪ್ ಮಾಡಿದರು. ಅದೇ ವರ್ಷ ಹೆನೆಬರ್ಗರ್ 'ವಿಯರ್ಡ್ ಟೇಲ್ಸ್'ನ ಸಂಪಾದಕತ್ವವನ್ನು ಲವ್‌ಕ್ರಾಫ್ಟ್‌ನ ಮುಂದಿಟ್ಟ. ಅದಕ್ಕಾಗಿ ಷಿಕಾಗೋ ನಗರಕ್ಕೆ ಹೋಗಿ ನೆಲೆಸಬೇಕಿತ್ತು, ಅವನು ಒಪ್ಪಲಿಲ್ಲ. ಸಂಪಾದಕನ ಕುರ್ಚಿ ಫಾರ್ನ್ಸ್‌ವರ್ತ್ ರೈಟ್‌ಗೆ ಹೋಯಿತು. ಲವ್‌ಕ್ರಾಫ್ಟ್‌ನ ಮುಂದಿನ ಹದಿಮೂರು ವರ್ಷಗಳ ಸುಖದುಃಖ ಬಹುಪಾಲು ಆ ಕುರ್ಚಿಯಲ್ಲಿ ಕೂತವನ ತೀರ್ಮಾನವನ್ನೇ ಅವಲಂಬಿಸಿತು.

ನ್ಯೂಯಾರ್ಕ್ ಅವನಿಗೆ ಒಗ್ಗಲಿಲ್ಲ. ಸೋನಿಯಾಳ ವ್ಯಾಪಾರ ಮುಗ್ಗರಿಸಿತು. ಅವಳು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದಳು. ಅವನಿಗೆ ಉದ್ಯೋಗ ಸಿಗಲಿಲ್ಲ. ಬ್ರೂಕ್ಲಿನ್‌ನ ಒಂಟಿ ಕೋಣೆಗೆ ಕಳ್ಳರು ನುಗ್ಗಿ ಅವನ ಉಡುಪುಗಳನ್ನೆಲ್ಲ ಹೊತ್ತೊಯ್ದರು. ಈ ದಿನಗಳಲ್ಲಿ ಅವನೊಳಗೆ ಮೊದಲಿನಿಂದಲೂ ಇದ್ದ ಜನಾಂಗ ದ್ವೇಷ ಇನ್ನಷ್ಟು ಕಹಿಯಾಯಿತು. ಬೀದಿಯಲ್ಲಿ ಕಂಡ ವಲಸಿಗರನ್ನೂ ಬಣ್ಣದ ಜನರನ್ನೂ ಅವನು ಹೀನವಾಗಿ ಕಂಡ. ಯಹೂದಿ ಹೆಂಡತಿಯ ಜೊತೆಗಿದ್ದೂ ಯಹೂದಿಗಳನ್ನು ಜರೆದ. 1925ರಲ್ಲಿ ಬರೆದ 'ದ ಹಾರರ್ ಅಟ್ ರೆಡ್ ಹುಕ್' ಕಥೆಯಲ್ಲಿ ಭಯವನ್ನು ಹುಟ್ಟಿಸುವ ಸಾಮಗ್ರಿಯೇ ನೆರೆಯ ಬಡ ವಲಸಿಗರು. ಅಪರಿಚಿತವಾದುದರ ಭಯವೇ ಅವನ ಕಲೆಯ ಮೂಲದ್ರವ್ಯ. ಅದೇ ಭಯ ಮನುಷ್ಯರ ಕಡೆ ತಿರುಗಿದಾಗ ಕಲೆಯೂ ಕೆಟ್ಟಿತು, ಕಲೆಗಾರನೂ ಸಣ್ಣವನಾದ. ಅವನ ಬದುಕನ್ನು ಹೇಳುವ ಯಾರೂ ಈ ಭಾಗವನ್ನು ದಾಟಿಹೋಗುವಂತಿಲ್ಲ.

ಅದೇ ಕೋಣೆಯಲ್ಲಿ ಅವನು ಮತ್ತೊಂದು ದೊಡ್ಡ ಕೆಲಸವನ್ನೂ ಕೈಗೆತ್ತಿಕೊಂಡಿದ್ದ. ಹವ್ಯಾಸಿ ಪತ್ರಕರ್ತ ಗೆಳೆಯ ಪಾಲ್ ಕುಕ್‌ನ ಕೋರಿಕೆಯಂತೆ 1925ರ ಕೊನೆಯಲ್ಲಿ ಆರಂಭಿಸಿದ 'ಸೂಪರ್‌ನ್ಯಾಚುರಲ್ ಹಾರರ್ ಇನ್ ಲಿಟರೇಚರ್' ಎಂಬ ದೀರ್ಘ ಪ್ರಬಂಧ 1927ರಲ್ಲಿ 'ದ ರೆಕ್ಲೂಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಭಯದ ಸಾಹಿತ್ಯವೆಲ್ಲ ಒಂದೇ ಅಲ್ಲವೆಂದು ಅವನು ಅಲ್ಲಿ ಗೆರೆ ಎಳೆದ. ಕೊಲೆ, ರಕ್ತ, ಎಲುಬುಗಳಿಂದ ಹುಟ್ಟುವುದು ದೇಹದ ಭಯ. ಕೊನೆಯಲ್ಲಿ ದೆವ್ವವೇ ಇರಲಿಲ್ಲವೆಂದು ವಿವರಿಸಿ ಮುಗಿಸುವ, ಹದಿನೆಂಟನೆಯ ಶತಮಾನದ ಆನ್ ರಾಡ್‌ಕ್ಲಿಫ್‌ಳ ಕಾದಂಬರಿಗಳ ಮಾದರಿ ಇನ್ನೊಂದು. ನೀತಿ ಹೇಳುವುದಕ್ಕಾಗಿ ದೆವ್ವವನ್ನು ಕರೆತರುವುದು ಮತ್ತೊಂದು. ಅವನಿಗೆ ನಿಜವಾದ ವಿಲಕ್ಷಣ ಕಥೆಯೆಂದರೆ ಇವಕ್ಕಿಂತ ಬೇರೆ: ಸೃಷ್ಟಿಯ ನಿಯಮಗಳೇ ಒಂದು ಕ್ಷಣ ಸಡಿಲಗೊಂಡು, ಹೊರಗಿನ ಅಪಾರ ಶೂನ್ಯ ಒಳಗೆ ನುಸುಳಿತೆಂಬ ಅನುಭವವನ್ನು ಅದು ಕೊಡಬೇಕು. ಆರ್ಥರ್ ಮ್ಯಾಕೆನ್, ಆಲ್ಜರ್ನನ್ ಬ್ಲ್ಯಾಕ್‌ವುಡ್, ಲಾರ್ಡ್ ಡನ್ಸೇನಿ, ಎಂ. ಆರ್. ಜೇಮ್ಸ್ ಎಂಬ ನಾಲ್ವರನ್ನು ಅವನು ತನ್ನ ಕಾಲದ ಶ್ರೇಷ್ಠರೆಂದು ಎಣಿಸಿದ.

ಭಾರತೀಯ ಕಾವ್ಯಮೀಮಾಂಸೆಯನ್ನು ಬಲ್ಲ ವಿದ್ಯಾರ್ಥಿಗೆ ಈ ವಿಂಗಡಣೆ ಬೇಗ ಅರ್ಥವಾಗುತ್ತದೆ. ಭರತನು ಭಯಾನಕಕ್ಕೆ ಭಯವನ್ನೂ, ಬೀಭತ್ಸಕ್ಕೆ ಜುಗುಪ್ಸೆಯನ್ನೂ, ಅದ್ಭುತಕ್ಕೆ ವಿಸ್ಮಯವನ್ನೂ ಸ್ಥಾಯಿಭಾವವೆಂದು ಹೇಳಿ ಮೂರನ್ನೂ ಪ್ರತ್ಯೇಕ ರಸಗಳಾಗಿ ನಿಲ್ಲಿಸಿದ್ದಾನೆ. ಪಲ್ಪ್ ಪತ್ರಿಕೆಗಳು ಒಂದೇ ಹೆಸರಿನಲ್ಲಿ ಮಾರಿದ ಕಥೆಗಳಲ್ಲಿ ಈ ಮೂರರ ಪ್ರಮಾಣ ಬೇರೆಬೇರೆ. ಭಯಾನಕಕ್ಕೆ ಬೀಭತ್ಸವನ್ನು ಬೆರೆಸಿದರೆ ಒಂದು ಶೈಲಿ. ಭಯಾನಕವನ್ನು ಅದ್ಭುತದ ಅಂಚಿಗೆ ಒಯ್ದರೆ ಇನ್ನೊಂದು. ಲವ್‌ಕ್ರಾಫ್ಟ್‌ನದು ಎರಡನೆಯ ದಾರಿ. ಅವನ ಉತ್ತಮ ಕಥೆಗಳಲ್ಲಿ ಪಾತ್ರ ಓಡಿಹೋಗುವ ಮೊದಲು ಬೆರಗಾಗಿ ನಿಲ್ಲುತ್ತದೆ.

1926ರ ಏಪ್ರಿಲ್‌ನಲ್ಲಿ ಅವನು ಪ್ರಾವಿಡೆನ್ಸ್‌ಗೆ ಮರಳಿದ; ದಾಂಪತ್ಯ ಅಲ್ಲಿಗೆ ಹೆಸರಿಗಷ್ಟೇ ಉಳಿಯಿತು. ಆ ಬೇಸಿಗೆಯಲ್ಲಿ ಬರೆದ 'ದ ಕಾಲ್ ಆಫ್ ಕ್ಥುಲ್ಹು' ಅವನ ಸಿದ್ಧಾಂತದ ಮೊದಲ ಪೂರ್ಣ ಫಲ. ಮನುಷ್ಯನಿಗಿಂತ ಎಷ್ಟೋ ಹಿಂದೆ ಭೂಮಿಗೆ ಬಂದ ಜೀವವೊಂದು ಕಡಲಡಿಯ ನಗರದಲ್ಲಿ ಮಲಗಿದೆ. ಅದಕ್ಕೆ ಮನುಷ್ಯನ ಮೇಲೆ ದ್ವೇಷವೂ ಇಲ್ಲ, ದಯೆಯೂ ಇಲ್ಲ, ಲಕ್ಷ್ಯವೇ ಇಲ್ಲ. ರೈಟ್ ಈ ಕಥೆಯನ್ನು ಮೊದಲು ತಿರಸ್ಕರಿಸಿದ. ಯುವ ಲೇಖಕ ಡೊನಾಲ್ಡ್ ವಾಂಡ್ರೈ ಒತ್ತಾಯಿಸಿದ ಮೇಲೆ ಒಪ್ಪಿ 1928ರ ಫೆಬ್ರವರಿ ಸಂಚಿಕೆಯಲ್ಲಿ ಹಾಕಿದ. ಮುಂದಿನ ವರ್ಷದ ಕಥೆ 'ದ ಕಲರ್ ಔಟ್ ಆಫ್ ಸ್ಪೇಸ್' ಹಣೆಪಟ್ಟಿಯ ಗಡಿಯನ್ನೇ ದಾಟಿತು. ಉಲ್ಕೆಯೊಂದರೊಡನೆ ಬಿದ್ದ, ಹೆಸರಿಲ್ಲದ ಬಣ್ಣವೊಂದು ಬೇಸಾಯದ ಕುಟುಂಬವನ್ನು ಮೆಲ್ಲಮೆಲ್ಲನೆ ಬರಡಾಗಿಸುವ ಈ ಕಥೆಯಲ್ಲಿ ದೆವ್ವವಿಲ್ಲ, ಶಾಪವಿಲ್ಲ. ಅದು 1927ರ ಸೆಪ್ಟೆಂಬರ್‌ನಲ್ಲಿ ವಿಜ್ಞಾನ ಕಥೆಗಳ ಪತ್ರಿಕೆ 'ಅಮೇಜಿಂಗ್ ಸ್ಟೋರೀಸ್'ನಲ್ಲಿ ಪ್ರಕಟವಾಯಿತು. ಸುಮಾರು ಹನ್ನೆರಡು ಸಾವಿರ ಪದಗಳ ಕಥೆಗೆ, ಮತ್ತೆ ಮತ್ತೆ ಪತ್ರ ಬರೆದ ಮೇಲೆ, ಅವನ ಕೈಸೇರಿದ್ದು 25 ಡಾಲರ್.

'ವಿಯರ್ಡ್ ಟೇಲ್ಸ್' ಎಂಬ ಒಂದೇ ಚಾವಣಿಯ ಕೆಳಗೆ ಎಷ್ಟು ಶೈಲಿಗಳಿದ್ದವೆಂಬುದಕ್ಕೆ ಅವನ ಸಮಕಾಲೀನರೇ ಸಾಕ್ಷಿ. ಕ್ಯಾಲಿಫೋರ್ನಿಯದ ಕವಿ ಕ್ಲಾರ್ಕ್ ಆಷ್ಟನ್ ಸ್ಮಿತ್ ಅಳಿದುಹೋದ ಖಂಡಗಳ, ಸಾಯುತ್ತಿರುವ ಸೂರ್ಯನ ಕೆಳಗಿನ ರಾಜ್ಯಗಳ ಕಥೆಗಳನ್ನು ಗದ್ಯಕಾವ್ಯದಂಥ ಅಲಂಕೃತ ಭಾಷೆಯಲ್ಲಿ ಬರೆದ. ಟೆಕ್ಸಾಸ್‌ನ ರಾಬರ್ಟ್ ಇ. ಹೊವಾರ್ಡ್ 1932ರ ಡಿಸೆಂಬರ್ ಸಂಚಿಕೆಯಲ್ಲಿ ಕೋನನ್ ಎಂಬ ವೀರನನ್ನು ತಂದು, ಮಾಟಕ್ಕೆ ಕತ್ತಿಯಿಂದ ಉತ್ತರ ಕೊಡಿಸಿದ. ಆ ಬಗೆಗೆ ಕತ್ತಿ ಮತ್ತು ಮಾಟದ ಕಥೆ ಎಂಬ ಅರ್ಥದ ಹೆಸರನ್ನು ಫ್ರಿಟ್ಜ್ ಲೈಬರ್ ಕೊಟ್ಟದ್ದು 1961ರಲ್ಲಿ, ಹೊವಾರ್ಡ್ ಸತ್ತು ಕಾಲು ಶತಮಾನವಾದ ಮೇಲೆ. ಆ ಕಾಲದ ಓದುಗರ ಅಚ್ಚುಮೆಚ್ಚಿನ ಲೇಖಕನೋ ಸೀಬರಿ ಕ್ವಿನ್. ಅವನ ಫ್ರೆಂಚ್ ಪತ್ತೇದಾರ ಜೂಲ್ಸ್ ಡಿ ಗ್ರಾಂಡಿನ್ ತೊಂಬತ್ತಕ್ಕೂ ಹೆಚ್ಚು ಕಥೆಗಳಲ್ಲಿ ಪಿಶಾಚಿಗಳನ್ನು ಹಿಡಿದು ಶಿಕ್ಷಿಸಿದ. ಸ್ಮಿತ್‌ನ ಜಗತ್ತಿನಲ್ಲಿ ವಿನಾಶವೇ ಸೌಂದರ್ಯ. ಹೊವಾರ್ಡ್‌ನಲ್ಲಿ ಭಯವನ್ನು ತೋಳ್ಬಲ ಗೆಲ್ಲುತ್ತದೆ. ಕ್ವಿನ್‌ನಲ್ಲಿ ಅದನ್ನು ಜಾಣತನ ಬಗೆಹರಿಸುತ್ತದೆ. ಲವ್‌ಕ್ರಾಫ್ಟ್‌ನಲ್ಲಿ ಮಾತ್ರ ತಿಳಿವಳಿಕೆ ಹೆಚ್ಚಿದಷ್ಟೂ ಭಯವೂ ಹೆಚ್ಚುತ್ತದೆ. ಸ್ಮಿತ್ ಮತ್ತು ಹೊವಾರ್ಡ್‌ರೊಡನೆ ಅವನ ಸ್ನೇಹ ಪೂರ್ತಿಯಾಗಿ ಪತ್ರಗಳಲ್ಲೇ ಬೆಳೆದದ್ದು; ಅವರನ್ನು ಅವನು ಒಮ್ಮೆಯೂ ಮುಖತಃ ಕಾಣಲಿಲ್ಲ. ಜೀವಮಾನದಲ್ಲಿ ಅವನು ಬರೆದ ಪತ್ರಗಳನ್ನು ಹತ್ತಾರು ಸಾವಿರವೆಂದು ಅಂದಾಜಿಸಲಾಗಿದೆ. ತಾನು ಕಲ್ಪಿಸಿದ ದೇವತೆಗಳ, ಗ್ರಂಥಗಳ ಹೆಸರುಗಳನ್ನು ಗೆಳೆಯರು ತಮ್ಮ ಕಥೆಗಳಲ್ಲಿ ಬಳಸಿದರೆ ಅವನು ಹಿಗ್ಗುತ್ತಿದ್ದ. ಅವರು ಸೃಷ್ಟಿಸಿದ್ದನ್ನು ತಾನೂ ಎರವಲು ಪಡೆಯುತ್ತಿದ್ದ.

1930ರಲ್ಲಿ ಪ್ಲೂಟೊ ಪತ್ತೆಯಾದ ಸುದ್ದಿ ಬಂದಾಗ ಅವನು 'ದ ವಿಸ್ಪರರ್ ಇನ್ ಡಾರ್ಕ್‌ನೆಸ್' ಬರೆಯುತ್ತಿದ್ದ. ಆ ಹೊಸ ಗ್ರಹವನ್ನು ಒಡನೆಯೇ ಕಥೆಯೊಳಕ್ಕೆ ಸೇರಿಸಿಕೊಂಡ. ರೈಟ್ ಅದಕ್ಕೆ 350 ಡಾಲರ್ ಕೊಟ್ಟ. ಈ ಉತ್ಸಾಹದಲ್ಲಿ 1931ರ ಆರಂಭದಲ್ಲಿ ಅವನು 'ಅಟ್ ದ ಮೌಂಟನ್ಸ್ ಆಫ್ ಮ್ಯಾಡ್‌ನೆಸ್' ಎಂಬ ಕಿರುಕಾದಂಬರಿ ಬರೆದ. ಅಂಟಾರ್ಕ್ಟಿಕದ ಹಿಮಪರ್ವತಗಳಾಚೆ ವಿಜ್ಞಾನಿಗಳ ತಂಡವೊಂದು ಮನುಷ್ಯಪೂರ್ವ ಜೀವಿಗಳ ನಗರವನ್ನು ಕಾಣುವ ಈ ಕಥನದಲ್ಲಿ ಭೂವಿಜ್ಞಾನವೂ ಜೀವವಿಜ್ಞಾನವೂ ತುಂಬಿವೆ. ಮೊದಲು ಭಯ ಹುಟ್ಟಿಸಿದ ಆ ಪರಕೀಯ ಜೀವಿಗಳು ಕೊನೆಗೆ ಅರಿವುಳ್ಳ, ಕಲೆಯುಳ್ಳ, ತಮ್ಮದೇ ದುರಂತವುಳ್ಳ ಬಂಧುಗಳಂತೆ ಕಾಣತೊಡಗುತ್ತವೆ. ರೈಟ್ ಅದನ್ನು ತಿರಸ್ಕರಿಸಿದ. ಪತ್ರಿಕೆಯ ಹಣೆಪಟ್ಟಿಗೆ ಅದು ಒಗ್ಗುವಂತಿರಲಿಲ್ಲ. ಅದರ ಉದ್ದವೂ ಹೆಚ್ಚಾಗಿತ್ತು, ನಡಿಗೆಯೂ ನಿಧಾನವಾಗಿತ್ತು. ಅದೇ ವರ್ಷ ಪುಸ್ತಕ ಪ್ರಕಾಶಕರೊಬ್ಬರೂ ಅವನ ಕಥಾಸಂಕಲನವನ್ನು ಬೇಡವೆಂದರು. ಇವೆರಡು ಪೆಟ್ಟುಗಳಿಂದ ಅವನು ಪೂರ್ತಿಯಾಗಿ ಚೇತರಿಸಿಕೊಳ್ಳಲಿಲ್ಲ. ಆಮೇಲೆ ಬರೆದದ್ದು ಕಡಿಮೆ. ಬರೆದದ್ದನ್ನು ಕಳಿಸುವ ಧೈರ್ಯ ಇನ್ನೂ ಕಡಿಮೆ. ಬೇರೆಯವರ ಕಳಪೆ ಹಸ್ತಪ್ರತಿಗಳನ್ನು ತಿದ್ದುತ್ತ, ಕೆಲವೊಮ್ಮೆ ಅವರ ಹೆಸರಿನಲ್ಲಿ ತಾನೇ ಪೂರ್ತಿ ಬರೆದುಕೊಡುತ್ತ ಅವನು ಹೊಟ್ಟೆ ಹೊರೆದ.

ಹಣದ ದಾರಿ ಇನ್ನೊಂದಿತ್ತು. 1933ರಲ್ಲಿ 'ಡೈಮ್ ಮಿಸ್ಟರಿ ಮ್ಯಾಗಝೀನ್' ಹೊಸ ಬಗೆಯ ಭಯದ ಕಥೆಗಳಿಗೆ ತಿರುಗಿತು. 1934ರಲ್ಲಿ 'ಟೆರರ್ ಟೇಲ್ಸ್', 1935ರಲ್ಲಿ 'ಹಾರರ್ ಸ್ಟೋರೀಸ್' ಅದನ್ನು ಹಿಂಬಾಲಿಸಿದವು. ಪ್ಯಾರಿಸ್‌ನ ಗ್ರಾಂ ಗಿನ್ಯೋಲ್ ರಂಗಮಂದಿರದ ರಕ್ತಸಿಕ್ತ ನಾಟಕಗಳು ಇವುಗಳ ಪ್ರೇರಣೆ. ಮುಸುಕುಧಾರಿ ಖಳ, ಕಟ್ಟಿಹಾಕಿದ ತರುಣಿ, ಚಿತ್ರಹಿಂಸೆ, ಕೊನೆಗೆ ಎಲ್ಲವೂ ಆಸ್ತಿಗಾಗಿ ಯಾರೋ ಹೂಡಿದ ನಾಟಕವೆಂಬ ವಿವರಣೆ: ಇದು ಅವುಗಳ ಸಾಮಾನ್ಯ ಅಚ್ಚು. ನಡುಕದ ಪಲ್ಪ್‌ಗಳೆಂಬ ಅರ್ಥದ ಅಡ್ಡಹೆಸರು ಅವಕ್ಕೆ ಬಂದಿತು. ದೇಹದ ಭಯ, ವಿವರಿಸಿ ಮುಗಿಸುವ ಭಯ ಎಂದು ಲವ್‌ಕ್ರಾಫ್ಟ್ ಪ್ರಬಂಧದಲ್ಲಿ ಬದಿಗಿಟ್ಟ ಎರಡನ್ನೂ ಒಟ್ಟುಗೂಡಿಸಿ ಆ ಪತ್ರಿಕೆಗಳು ಮಾರಿದವು. ಅವನು ಆ ಕಡೆಗೆ ಹೋಗಲಿಲ್ಲ.

1936ರಲ್ಲಿ, ಯುವ ಪ್ರತಿನಿಧಿ ಜೂಲಿಯಸ್ ಶ್ವಾರ್ಟ್ಜ್‌ನ ಪ್ರಯತ್ನದಿಂದ, ಅಂಟಾರ್ಕ್ಟಿಕದ ಕಥನ 'ಅಸ್ಟೌಂಡಿಂಗ್ ಸ್ಟೋರೀಸ್' ಎಂಬ ವಿಜ್ಞಾನ ಕಥಾಪತ್ರಿಕೆಯಲ್ಲಿ ಬೆಳಕು ಕಂಡಿತು. ಅವನ ಉದ್ದನೆಯ ಪ್ಯಾರಾಗಳನ್ನು ಅಲ್ಲಿ ತುಂಡುತುಂಡು ಮಾಡಿ, ಕೊನೆಯ ಭಾಗವನ್ನು ಕತ್ತರಿಸಿದ್ದರು. ಅಚ್ಚಾದುದನ್ನು ನೋಡಿ ಅವನು ನೊಂದ. ಅದೇ ಜೂನ್ 11ರಂದು ರಾಬರ್ಟ್ ಇ. ಹೊವಾರ್ಡ್ ತನ್ನ ಮೂವತ್ತನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಬಂತು. ವರ್ಷದ ಕೊನೆಗೆ 'ದ ಶ್ಯಾಡೋ ಓವರ್ ಇನ್ಸ್‌ಮೌತ್' ಸಣ್ಣ ಮುದ್ರಣಾಲಯವೊಂದರಿಂದ, ತಪ್ಪುಗಳ ರಾಶಿಯೊಂದಿಗೆ, ಪುಸ್ತಕವಾಗಿ ಹೊರಬಂದಿತು. ಸುಮಾರು ಇನ್ನೂರು ಪ್ರತಿಗಳಿಗಷ್ಟೇ ರಟ್ಟು ಕಟ್ಟಲಾಯಿತು. ಬದುಕಿದ್ದಾಗ ಅವನು ಕಂಡ ತನ್ನ ಏಕೈಕ ಕಥಾಪುಸ್ತಕ ಅದು. ಕರುಳಿನ ಕ್ಯಾನ್ಸರ್ ಅವನನ್ನು ಆಗಲೇ ಹಿಡಿದಿತ್ತು. 1937ರ ಮಾರ್ಚ್ 15ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಪ್ರಾವಿಡೆನ್ಸ್‌ನ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ.

ಅವನ ಬರಹ ಉಳಿದದ್ದು ಗೆಳೆಯರಿಂದ. ಪ್ರಕಾಶಕರು ಮುಂದೆ ಬಾರದಿದ್ದಾಗ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ 1939ರಲ್ಲಿ ಆರ್ಕಮ್ ಹೌಸ್ ಎಂಬ ಪ್ರಕಾಶನವನ್ನೇ ತೆರೆದು 'ದ ಔಟ್‌ಸೈಡರ್ ಅಂಡ್ ಅದರ್ಸ್' ಸಂಕಲನದ 1,268 ಪ್ರತಿಗಳನ್ನು ಅಚ್ಚುಹಾಕಿದರು. ಅವು ಖರ್ಚಾಗಲು ವರ್ಷಗಳೇ ಹಿಡಿದವು. ಈ ಋಣ ದೊಡ್ಡದು. ಆದರೆ ಡರ್ಲೆತ್ ಅದರೊಂದಿಗೆ ಒಂದು ಹೆಸರನ್ನೂ ಚಲಾವಣೆಗೆ ತಂದ: ಕ್ಥುಲ್ಹು ಪುರಾಣ. ಲವ್‌ಕ್ರಾಫ್ಟ್ ಕಥೆಯಿಂದ ಕಥೆಗೆ ಬದಲಿಸುತ್ತ, ಹಿನ್ನೆಲೆಯ ಛಾಯೆಯಂತೆ ಬಳಸಿದ ಹೆಸರುಗಳನ್ನು ಡರ್ಲೆತ್ ವಂಶಾವಳಿಯಂತೆ ಜೋಡಿಸಿದ. ಅವುಗಳನ್ನು ಪಂಚಭೂತಗಳಂಥ ಮೂಲತತ್ತ್ವಗಳಿಗೆ ಹಂಚಿದ. ಒಳ್ಳೆಯ ದೇವತೆಗಳು ಕೆಟ್ಟ ದೇವತೆಗಳನ್ನು ಸೆರೆಯಲ್ಲಿಟ್ಟಿದ್ದಾರೆಂಬ ಧರ್ಮಯುದ್ಧದ ಚೌಕಟ್ಟನ್ನು ತೊಡಿಸಿದ. ಮನುಷ್ಯನತ್ತ ಲಕ್ಷ್ಯವೇ ಇಲ್ಲದ ವಿಶ್ವವನ್ನು ಕಂಡವನ ಕಥೆಗಳು, ಮನುಷ್ಯನ ಪರವಾಗಿ ಕಾದಾಡುವ ದೇವತೆಗಳ ಕಥೆಗಳಾಗಿ ಬಹುಕಾಲ ಓದಿಸಿಕೊಂಡವು. ಇನ್ನೊಂದು ಕಡೆಯಿಂದ, 1945ರಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್ ಅವನನ್ನು ಪಲ್ಪ್ ಬರಹಗಾರನೆಂದೇ ತಳ್ಳಿಹಾಕಿದ. ಒಂದು ಹೆಸರು ಅವನನ್ನು ಪ್ರವಾದಿಯನ್ನಾಗಿಸಿದರೆ ಮತ್ತೊಂದು ಕಸದ ಬುಟ್ಟಿಗೆ ಹಾಕಿತು. ಎರಡರಲ್ಲೂ ಕಥೆಗಳ ಓದು ಹಿಂದೆ ಬಿತ್ತು.

1970ರ ದಶಕದ ಅನಂತರ ವಿದ್ವಾಂಸರು ಅವನ ಹಸ್ತಪ್ರತಿಗಳಿಗೆ ಮರಳಿ, ಪಾಠಗಳನ್ನು ಶುದ್ಧಗೊಳಿಸಿ, ಅವನ ವಿಶ್ವದೃಷ್ಟಿಯನ್ನು ಡರ್ಲೆತ್‌ನ ಚೌಕಟ್ಟಿನಿಂದ ಬಿಡಿಸಿದರು. 2005ರಲ್ಲಿ ಲೈಬ್ರರಿ ಆಫ್ ಅಮೆರಿಕ ಅವನ ಕಥೆಗಳನ್ನು ತನ್ನ ಮಾಲೆಯಲ್ಲಿ ಸೇರಿಸಿಕೊಂಡಿತು. 1975ರಿಂದ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯ ಫಲಕ ಅವನ ಮುಖದ ಪ್ರತಿಮೆಯಾಗಿತ್ತು. 2011ರಲ್ಲಿ ಆ ಪ್ರಶಸ್ತಿ ಪಡೆದ ನೈಜೀರಿಯನ್ ಮೂಲದ ಅಮೆರಿಕನ್ ಲೇಖಕಿ ನೆಡಿ ಒಕೊರಫೋರ್, ತನ್ನಂಥವರನ್ನು ಹೀಗಳೆದವನ ಮುಖ ತನ್ನ ಮನೆಯಲ್ಲಿರುವುದರ ಸಂಕಟವನ್ನು ಬರೆದಳು. 2015ರಲ್ಲಿ ಆ ಪ್ರತಿಮೆಯನ್ನು ಕೈಬಿಡಲಾಯಿತು. ಪ್ರತಿಮೆ ಹೋಯಿತು, ಕಥೆಗಳ ಓದು ನಿಲ್ಲಲಿಲ್ಲ. ಅವನ ಕೊಡುಗೆ ಮತ್ತು ಕಳಂಕ ಎರಡನ್ನೂ ಒಟ್ಟಿಗೆ ನೋಡುವ ಓದು ಆಮೇಲೆ ಹೆಚ್ಚಾಯಿತು.

ಗಾಥಿಕ್, ವಿಲಕ್ಷಣ, ವಿಜ್ಞಾನ ಕಥೆ, ಬ್ರಹ್ಮಾಂಡ ಭಯ, ಕ್ಥುಲ್ಹು ಪುರಾಣ ಎಂಬ ಹೆಸರುಗಳೆಲ್ಲವೂ ಲವ್‌ಕ್ರಾಫ್ಟ್‌ನ ಒಂದೊಂದು ಕಥೆಗೆ ಒಪ್ಪುತ್ತವೆ. ಯಾವುದೊಂದೂ ಅವನ ಎಲ್ಲ ಕಥೆಗಳಿಗೂ ಒಪ್ಪುವುದಿಲ್ಲ. ಹೆಸರನ್ನು ಯಾರು, ಯಾವಾಗ, ಏತಕ್ಕಾಗಿ ಕೊಟ್ಟರೆಂದು ಕೇಳಿಕೊಂಡು ಓದುವವನಿಗೆ ಪ್ರಕಾರದ ಚರಿತ್ರೆಯೂ ಕೃತಿಯ ಸ್ವರೂಪವೂ ಒಟ್ಟಿಗೆ ತಿಳಿಯುತ್ತವೆ. ಪ್ರಾವಿಡೆನ್ಸ್‌ನ ಸ್ವಾನ್ ಪಾಯಿಂಟ್ ಸ್ಮಶಾನದಲ್ಲಿ ಅವನನ್ನು ಮನೆತನದ ಜಾಗದಲ್ಲಿ ಹೂಳಿದಾಗ ಪ್ರತ್ಯೇಕ ಕಲ್ಲೊಂದನ್ನು ನೆಡಲಿಲ್ಲ. 1977ರಲ್ಲಿ ಅವನ ಕಥೆಗಳ ಓದುಗರು ತಾವೇ ಹಣ ಕೂಡಿಸಿ ಅವನ ಹೆಸರಿನ ಕಲ್ಲನ್ನು ಅಲ್ಲಿ ನಿಲ್ಲಿಸಿದರು.